ಅಪ್‌ಡೇಟ್: ಅಜ್ಜಿಯ ‘ಹಂದಿ ರೂಪಾಯಿ’ ಗ್ರೇಡಿಂಗ್‌ಗೆ ಹೋಗಲಿಲ್ಲ

ಹೋದ ತಿಂಗಳು ಕೇಳಿದ್ದೆ: ಅಜ್ಜಿಯ ಪೂಜೆ ಡಬ್ಬಿಯಲ್ಲಿ ಸಿಕ್ಕ 1911ರ ಐದನೇ ಜಾರ್ಜ್ ರೂಪಾಯಿಯನ್ನು ಗ್ರೇಡಿಂಗ್‌ಗೆ (ಅಸಲಿಯೇ, ಸ್ಥಿತಿ ಹೇಗಿದೆ ಅಂತ ನೋಡಿ ಅಂಕ ಕೊಡೋ ಕಂಪನಿಗೆ) ಕಳಿಸಲಾ, ಬೇಡವಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ನೀವು ಹೇಳಿದ ಹಾಗೆ ಲೆನ್ಸ್ ಹಿಡಿದು ನೋಡಿದೆ. ರಾಜನ ನಿಲುವಂಗಿಯ ಸರದಲ್ಲಿ ಆನೆ ಇದೆ, ಆದರೆ ಸೊಂಡಿಲು ಎಷ್ಟು ಗಿಡ್ಡ ಅಂದ್ರೆ ಥೇಟ್ ಹಂದಿಯೇ! ಜನ ಗಲಾಟೆ ಮಾಡಿ, 1912ರಲ್ಲಿ ಸೊಂಡಿಲು ಉದ್ದ ಮಾಡಿದ್ದು ಸುಮ್ಮನೆ ಅಲ್ಲ. ಅಂದ್ರೆ ನಮ್ಮದು ಅದೇ ‘ಹಂದಿ ರೂಪಾಯಿ’. ತೂಕ 11.6 ಗ್ರಾಂ ಬಂತು, ಇರಬೇಕಾದ್ದು 11.66. ಅಸಲಿ ಅಂತ ಸಮಾಧಾನ ಆಯ್ತು.

ಖುಷಿ ಅಲ್ಲಿಗೇ ಮುಗೀತು. ಬೆಳಕಿಗೆ ಓರೆಯಾಗಿ ಹಿಡಿದರೆ ನಾಣ್ಯದ ಮೈ ತುಂಬ ಕೂದಲೆಳೆಯಂಥ ಗೀರು. ಅಮ್ಮನನ್ನು ಕೇಳಿದೆ. “ಪ್ರತಿ ವರಮಹಾಲಕ್ಷ್ಮಿಗೂ ಹುಣಸೆಹಣ್ಣು ಹಾಕಿ ತಿಕ್ತಿದ್ವಲ್ಲೋ, ಹಂಗೇ ಇಡಕ್ಕಾಗುತ್ತಾ?” ಅಂದ್ರು. ಸಾಲದ್ದಕ್ಕೆ ಅಂಚಿನಲ್ಲಿ, ಕಿರೀಟದ ಮೇಲೆ, ಬೆಸುಗೆಯ ಕಲೆ. ಯಾವುದೋ ಕಾಲದಲ್ಲಿ ಕೊಂಡಿ ಹಾಕಿ ಸರಕ್ಕೆ ಪೋಣಿಸಿದ್ದಾರೆ.

ಹೀಗೆ ತಿಕ್ಕಿದ, ಬೆಸುಗೆ ಹಾಕಿದ ನಾಣ್ಯಕ್ಕೆ ಎನ್‌ಜಿಸಿ, ಪಿಸಿಜಿಎಸ್‌ ಅನ್ನೋ ಗ್ರೇಡಿಂಗ್ ಕಂಪನಿಯವರು 70ರ ಲೆಕ್ಕದಲ್ಲಿ ಅಂಕ ಕೊಡಲ್ಲ, ‘ಡೀಟೇಲ್ಸ್’ (ಅಸಲಿ, ಆದರೆ ಹಾನಿಯಾಗಿದೆ) ಅಂತ ಬರೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕ್ತಾರೆ. ಅವರ ಫೀಸು, ಹೋಗಿಬರೋ ಕೊರಿಯರ್, ಇನ್ಶೂರೆನ್ಸ್ ಕೂಡಿಸಿದ್ರೆ ನಾಣ್ಯಕ್ಕೆ ಸಿಗೋದಕ್ಕಿಂತ ಖರ್ಚೇ ಜಾಸ್ತಿ. ಕಳಿಸಲಿಲ್ಲ.

ಅಂಗಡಿಯವನೊಬ್ಬ “ಪಾಲಿಶ್ ಮಾಡಿಕೊಡ್ತೀನಿ, ಹೊಸದರ ಹಾಗೆ ಕಾಣುತ್ತೆ” ಅಂದ. ತಿಕ್ಕಿ ಹಾಳಾಗಿದ್ದೇ ಸಾಕು ಅಂತ ಕೈಮುಗಿದು ವಾಪಸ್ ಬಂದೆ. ಈಗ ನಾಣ್ಯ ಪಿವಿಸಿ (ಲೋಹವನ್ನು ಹಾಳು ಮಾಡೋ ಪ್ಲಾಸ್ಟಿಕ್) ಇಲ್ಲದ ಕವರ್‌ನಲ್ಲಿ ಬೀರುವಿನಲ್ಲಿದೆ. ಈ ಸಲದ ಹಬ್ಬಕ್ಕೆ ಕಲಶದ ಮುಂದೆ ಕವರ್ ಸಮೇತ ಇಡೋದು ಅಂತ ಅಮ್ಮನ ಜೊತೆ ಒಪ್ಪಂದ ಆಗಿದೆ.