ವಾಗಣಗೇರಿ ಮುತ್ತಿಗಿ: ಪಿಡ್ಡನಾಯಕ ಇಷ್ಟು ದಿನ ಹ್ಯಾಂಗ ತಡದ?

ಸುರಪುರದವ: 1705ರಾಗ ಔರಂಗಜೇಬ ತಾನೇ ಬಂದು ಮುತ್ತಿದ್ರೂ ಸುರಪುರದ ಬೇಡ ದೊರೆ ಪಿಡ್ಡನಾಯಕನ ವಾಗಣಗೇರಿ ಕೋಟೆ ಎರಡು ತಿಂಗಳ ಮ್ಯಾಲ ನಿಂತದ. ಹ್ಯಾಂಗ್ರಿ?

ಕೋಟೆಹುಚ್ಚ: ಬಯಲಿಗಿಳಿದು ಕಾದಲಿಲ್ಲ, ಅದಕ್ಕ. ಗುಡ್ಡದ ಮ್ಯಾಲಿಂದ ಬಂದೂಕು, ಹೊರಗಿಂದ ನಾಯಕನ ನೆರವಿಗೆ ಬಂದ ಧನಾಜಿ ಜಾಧವನ ಮರಾಠಾ ದಂಡಿನ ಕಾಟ. ನಡುವ ಸಂಧಾನದ ಆಟ: ನಾಯಕ ತನ್ನ ತಮ್ಮ ಸೋಮಶಂಕರನ್ನ ಮೊಗಲರ ಡೇರೆಗೆ ಕಳಿಸಿ ದಿನ ದೂಡಿದ. ನಾಯಕಗ ಹುಚ್ಚು ಹಿಡದದ, ಓಡಿಹೋಗ್ಯಾನ ಅಂತ ಸುದ್ದಿನೂ ಬಿಟ್ರು!

ಶಹಾಪುರ ಕಡೆಯವ: ಕೆಟ್ಟಿದ್ದು ನೀರಿನಾಗ. ಮೊಗಲ ಸರದಾರ ಜುಲ್ಫಿಕಾರ್ ಖಾನ್ ಹೊರಗಿನ ಬಾವಿ ಹಿಡಿದ ಮ್ಯಾಲ ಒಳಗ ಕೂಡೂದು ಆಗಲಿಲ್ಲ. ಏಪ್ರಿಲ್ ಕೊನೆಗೆ ನಾಯಕ ಇರುಳಾಗ ಮಂದಿ ಕರಕೊಂಡು ಹೊರಬಿದ್ದ.

ಸುರಪುರದವ: ಅಂದ್ರ ಕೋಟೆ ಹೋತು?

ಕೋಟೆಹುಚ್ಚ: ಖಾಲಿ ಕೋಟೆ ಹೋತು, ನಾಯಕ ಸಿಗಲಿಲ್ಲ. ಆಮ್ಯಾಲ ಬಾದಶಹ ಹತ್ತಿರದ ದೇವಾಪುರದಾಗ ಹಾಸಿಗಿ ಹಿಡಿದ. 1707ಕ್ಕ ಅಹ್ಮದ್‌ನಗರದಾಗ ಸತ್ತ.