ಬಿಲ್ ಪಾಸ್ ಆಯ್ತಂತೆ, ನಮ್ಮ ಕೆರೆ ಗತಿ ಏನ್ರಿ?

ಅಡ್ಮಿನ್: ಇವತ್ತು ಸಂಜೆ 6ರಿಂದ 8 ಗುಂಪಿನಲ್ಲಿ ಪ್ರಶ್ನೋತ್ತರ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕಾಲತ್ತು ಮಾಡುವ ಮೇಡಂ ಉತ್ತರ ಕೊಡುತ್ತಾರೆ. ಪರಿಸರದ ವಿಧೇಯಕಗಳು (ಬಿಲ್‌ಗಳು) ಸದನದಲ್ಲಿ ಎಲ್ಲಿಗೆ ಬಂದಿವೆ, ಅದನ್ನು ತಿಳಿಯೋದು ಹೇಗೆ, ಅಷ್ಟೇ ಕೇಳಿ. ರಾಜಕೀಯ ಬೇಡ.

ಶಹಾಪುರ ಟೀಚರ್: ಮೇಡಂ, ನಮಸ್ಕಾರ. ಕೆರೆ ಪ್ರಾಧಿಕಾರದ ತಿದ್ದುಪಡಿ ಬಿಲ್ ವಿಧಾನಸಭೆಯಲ್ಲಿ ಪಾಸ್ ಆಯ್ತಂತೆ. ನಮ್ಮೂರ ಕೆರೆ 4 ಎಕರೆ. ಪಕ್ಕದ ಹೊಲದಲ್ಲಿ ಪ್ಲಾಟ್ ಹಾಕಿದ್ದಾರೆ. ನಿನ್ನೆ ಹುಡುಗರನ್ನು ಕರ್ಕೊಂಡು ಟೇಪ್ ಹಿಡಿದೆ. ನೀರಿನಂಚಿಂದ ಮೊದಲನೇ ಸಿಮೆಂಟ್ ಕಂಬಕ್ಕೆ 11 ಮೀಟರ್. ಕಂಬದ ಮೇಲೆ ಕೆಂಪು ಬಣ್ಣದಲ್ಲಿ 14 ಅಂತ ಬರೆದಿದೆ. ಇನ್ನು ಯಾರೂ ಏನೂ ಕೇಳೋ ಹಾಗಿಲ್ವಾ?

ವಕೀಲ ಮೇಡಂ: ಟೀಚರೇ, ಒಳ್ಳೆ ಕೆಲಸ ಮಾಡಿದ್ದೀರಿ. ಆದರೆ ಅಳತೆ ತಪ್ಪು ಜಾಗದಿಂದ ಶುರುವಾಗಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಬಿಲ್. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಲ್ಲಿ ಕೆರೆ ಸಣ್ಣದಿರಲಿ ದೊಡ್ಡದಿರಲಿ, ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು. 2025ರ ತಿದ್ದುಪಡಿ ಬಿಲ್ ಅದನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುತ್ತದೆ. 1ರಿಂದ 10 ಎಕರೆ ಕೆರೆಗೆ 6 ಮೀಟರ್. 30 ಮೀಟರ್ ಉಳಿಯೋದು 100 ಎಕರೆ ದಾಟಿದ್ದಕ್ಕೆ ಮಾತ್ರ. ನಿಮ್ಮ 11 ಮೀಟರ್ ಹಳೇ ಲೆಕ್ಕಕ್ಕೆ ತಪ್ಪು, ಹೊಸ ಲೆಕ್ಕಕ್ಕೆ ಸರಿ. ಅದಕ್ಕೇ ನನಗೂ ಈ ಬಿಲ್ ನೋಡಿ ನಿದ್ದೆ ಬಂದಿಲ್ಲ. ನಮ್ಮ ಕಡೆ ಊರ ಕೆರೆಗಳು ಹೆಚ್ಚಾಗಿ ಸಣ್ಣವೇ ಅಲ್ವಾ.

ಆದರೆ ಯಾವ ಬಿಲ್ಲೂ ವಿಧಾನಸಭೆ ಒಪ್ಪಿದ ತಕ್ಷಣ ಕಾನೂನು ಆಗಲ್ಲ. ವಿಧಾನ ಪರಿಷತ್ತೂ ನೋಡಬೇಕು. ಅದು ತಡೆ ಹಿಡಿದರೂ ಮೊದಲು ಮೂರು ತಿಂಗಳು, ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಒಂದು ತಿಂಗಳು, ಅಷ್ಟೇ. ಆಮೇಲೆ ರಾಜ್ಯಪಾಲರು. ಅವರು ಸಹಿ ಹಾಕಬಹುದು, ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾದಿರಿಸಬಹುದು. ವಾಪಸ್ ಬಂದದ್ದನ್ನು ಸದನ ಮತ್ತೆ ಒಪ್ಪಿದರೆ ಸಹಿ ತಡೆಯೋ ಹಾಗಿಲ್ಲ. ಸಹಿಯಾದ ಮೇಲೆ ರಾಜ್ಯಪತ್ರ, ಅಂದರೆ ಗೆಜೆಟ್. ಅಲ್ಲೂ ಮೊದಲನೇ ಪ್ರಕರಣ (ಸೆಕ್ಷನ್) ಓದಿ. ‘ಕೂಡಲೇ ಜಾರಿ’ ಅಂತಿದೆಯೋ, ‘ಅಧಿಸೂಚಿಸಿದ ದಿನದಿಂದ’ ಅಂತಿದೆಯೋ. ಎರಡಕ್ಕೂ ತಿಂಗಳುಗಟ್ಟಲೆ ವ್ಯತ್ಯಾಸ ಆಗಬಹುದು.

ಈಗ ನಿಮ್ಮ ಟೇಪ್. ಅಳೆಯಬೇಕಾದ್ದು ನೀರಿನಿಂದ ಅಲ್ಲ, ದಾಖಲೆಯ ಕೆರೆ ಗಡಿಯಿಂದ. ಹೂಳು ತುಂಬಿ ನೀರು ಹಿಂದೆ ಸರಿದಿರುತ್ತೆ, ಕೆರೆ ಅಂಗಳದಲ್ಲಿ ಜಾಲಿ ಬೆಳೆದಿರುತ್ತೆ. ನೀರಿಂದ 11 ಮೀಟರ್ ಅಂದರೆ ಆ ಕಂಬ ಕೆರೆಯೊಳಗೇ ನಿಂತಿರಬಹುದು! ಹಾಗಿದ್ದರೆ ಅದು ಒತ್ತುವರಿ. 30 ಬರಲಿ 6 ಬರಲಿ, ಈ ಬಿಲ್ ಅದನ್ನು ಉಳಿಸಲ್ಲ. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಬರೆದ ದಾಖಲೆ), ಗ್ರಾಮ ನಕಾಶೆ ನಕಲು ತೆಗೆಸಿ. ಕೆರೆ ಸರ್ವೆ ನಂಬರಿಗೆ ಹದ್ದುಬಸ್ತು (ಅಳೆದು ಗಡಿ ಗುರುತಿಸೋದು) ಮಾಡಿಸಿ ಅಂತ ತಹಶೀಲ್ದಾರರಿಗೆ ಬರೆದು ಕೊಡಿ. ಸ್ವೀಕೃತಿ ಇಲ್ಲದೆ ಬಾಗಿಲು ದಾಟಿ ಬರಬೇಡಿ.

ಸೇಡಂ ರೈತ: ಬಿಲ್ ಎಲ್ಲಿ ಸಿಗ್ತದ್ರಿ?

ವಕೀಲ ಮೇಡಂ: ಮಂಡನೆಯಾದದ್ದು ವಿಧಾನಮಂಡಲದ ವೆಬ್‌ಸೈಟಿನಲ್ಲಿ. ಕಾಯ್ದೆಯಾದದ್ದು ಇ-ರಾಜ್ಯಪತ್ರದಲ್ಲಿ. ಮೂಲ ಕಾಯ್ದೆ ಪಕ್ಕಕ್ಕಿಟ್ಟುಕೊಂಡೇ ಓದಿ. ತಿದ್ದುಪಡಿಯಲ್ಲಿ ‘ಈ ಪದದ ಬದಲು ಆ ಪದ’ ಅಂತ ಮಾತ್ರ ಇರುತ್ತೆ. ಕೊನೆಗಿರುವ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಓದಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಔರಾದ್ ಅಂಗಡಿ: ಮೇಡಂ, ನಮ್ಮ ಬೋರ್ ಪಕ್ಕ ಇನ್ನೊಬ್ಬರು ಬೋರ್ ಹೊಡೆಸ್ತಿದ್ದಾರೆ. ಅಂತರ್ಜಲ ಕಾಯ್ದೆ ಅನ್ವಯ ಆಗುತ್ತಾ?

ಚಿಂಚೋಳಿ ಕಾಕಾ: ಫಾರ್ವರ್ಡ್ ಬಂದದ. “ಹೊಸ ಅರಣ್ಯ ಬಿಲ್! 30 ದಿನದಲ್ಲಿ ಆಕ್ಷೇಪಣೆ ಹಾಕದಿದ್ದರೆ ಹೊಲ ಹೋಗುತ್ತೆ! ಈ ಲಿಂಕ್ ಒತ್ತಿ, 10 ಗುಂಪಿಗೆ ಕಳಿಸಿ.” ಒತ್ತಲೇನ್ರಿ?

ವಕೀಲ ಮೇಡಂ: ಒತ್ತಬೇಡಿ ಕಾಕಾ. ಬಿಲ್‌ಗೆ 30 ದಿನದಲ್ಲಿ ಆಕ್ಷೇಪಣೆ ಹಾಕದಿದ್ದರೆ ಹೊಲ ಹೋಗುತ್ತೆ ಅನ್ನೋ ಕಾನೂನೇ ಇಲ್ಲ. ಆಕ್ಷೇಪಣೆ ಕರೆಯೋದು ಸಾಮಾನ್ಯವಾಗಿ ಕರಡು ನಿಯಮಕ್ಕೆ, ಕರಡು ಅಧಿಸೂಚನೆಗೆ. ಅಭಯಾರಣ್ಯದ ಸುತ್ತಲ ಪರಿಸರ ಸೂಕ್ಷ್ಮ ವಲಯ ಆದರೆ ಅದು ಕೇಂದ್ರದ್ದು, ಅವಧಿ 60 ದಿನ. ಅದೂ ರಾಜ್ಯದ ಬಿಲ್ ಅಲ್ಲ. ಲಿಂಕ್ ಒತ್ತಿದರೆ ಹೊಲ ಉಳಿಯಲ್ಲ, ಬ್ಯಾಂಕಿನ ದುಡ್ಡು ಹೋಗುತ್ತೆ.

ಯಾದಗಿರಿ ಪ್ಲಾಟ್: ಕೆರೆ ಕೆರೆ ಅಂತ ಎಲ್ಲರೂ ಅಳ್ತಾರೆ. ನಮ್ಮಂಥವರು ಮನೆ ಎಲ್ಲಿ ಕಟ್ಟಬೇಕ್ರಿ? ನಾನು 20 ವರ್ಷದ ಉಳಿತಾಯ ಹಾಕಿದ್ದೀನಿ. ಬಿಲ್ ಬಂದದ್ದೇ ಒಳ್ಳೇದಾಯ್ತು.

ಶಹಾಪುರ ಟೀಚರ್: ಮನೆ ಕಟ್ಟಿ ಸಾರ್, ಕೆರೆಯಲ್ಲಿ ಯಾಕೆ? ಮಳೆ ಜೋರಾದರೆ ನೀರು ನಿಮ್ಮ ಅಡುಗೆಮನೆಗೇ ಬರುತ್ತೆ.

ಯಾದಗಿರಿ ಪ್ಲಾಟ್: ಪಾಠ ಶಾಲೆಯಲ್ಲಿ ಮಾಡ್ರಿ.

ಸೇಡಂ ರೈತ: ನಮ್ಮ ತೊಗರಿ ಮೇಲೆ ಸಿಮೆಂಟ್ ಧೂಳು ಕೂಡ್ತದ, ಅದಕ್ಕ ಯಾವ ಬಿಲ್ಲೂ ಇಲ್ಲ.

ವಾಡಿ ತಮ್ಮ: ಅದೇ ಫ್ಯಾಕ್ಟರಿಯಿಂದ ನಮ್ಮ ಮನೆ ಒಲೆ ಉರೀತದ ಅಣ್ಣಾ.

ಸೇಡಂ ರೈತ: ಹಂಗಾದ್ರ ಧೂಳೇ ಉಣ್ಣು.

ಅಡ್ಮಿನ್: ವಿಷಯಕ್ಕೆ ಬನ್ನಿ.

ಬೀದರ್ ಓದುಗ: ಮೇಡಂ, ಬಿಲ್ ಎಲ್ಲಿ ಸಿಗುತ್ತೆ?

ವಕೀಲ ಮೇಡಂ: ಮೇಲೆ ಹೇಳಿದ್ದೀನಿ.

ಬೀದರ್ ಓದುಗ: ಅಧಿವೇಶನ ಮುಗಿದರೆ ಬಿಲ್ ಬಿದ್ದುಹೋಗುತ್ತಾ?

ವಕೀಲ ಮೇಡಂ: ಇಲ್ಲ. ವಿಧಾನಸಭೆ ವಿಸರ್ಜನೆಯಾದರೆ ಮಾತ್ರ, ಅಲ್ಲಿ ಬಾಕಿ ಇದ್ದದ್ದೂ, ಅದು ಒಪ್ಪಿ ಪರಿಷತ್ತಿನಲ್ಲಿ ಬಾಕಿ ಇದ್ದದ್ದೂ ಬೀಳುತ್ತೆ. ಎರಡೂ ಸದನ ದಾಟಿ ರಾಜ್ಯಪಾಲರ ಹತ್ತಿರ ಇರೋದು ಆಗಲೂ ಬೀಳಲ್ಲ.

ಕಲಬುರಗಿ ನಗರ: ಎಲ್ಲ ಪಕ್ಷದವರೂ ಒಂದೇ ರೀ. ಅವರ ಕಾಲದಲ್ಲಿ...

ಅಡ್ಮಿನ್: ಮೆಸೇಜ್ ತೆಗೆದಿದ್ದೇನೆ.

ಚಿಂಚೋಳಿ ಕಾಕಾ: ಇನ್ನೊಂದು ಬಂದದ. ರಾಜ್ಯಪಾಲರಿಗೆ ಮಿಸ್ಡ್ ಕಾಲ್ ಕೊಟ್ಟರೆ ಬಿಲ್ ವಾಪಸ್ ಆಗ್ತದಂತ.

ವಕೀಲ ಮೇಡಂ: ಕಾಕಾ, ಫೋನ್ ಕೆಳಗಿಡಿ. ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ, ಪ್ರಕರಣದ ನಂಬರ್ ಹಾಕಿ. ರಾಜಭವನಕ್ಕೂ ಬರೆಯಬಹುದು, ಅಂಚೆಯಲ್ಲಿ. ಮಿಸ್ಡ್ ಕಾಲ್ ಯಾವ ಕಾನೂನಿನಲ್ಲೂ ಇಲ್ಲ. ದಯವಿಟ್ಟು ಇನ್ನು ಫಾರ್ವರ್ಡ್ ಹಾಕಬೇಡಿ.

ಔರಾದ್ ಅಂಗಡಿ: ಮೇಡಂ, ನನ್ನ ಬೋರ್ ಪ್ರಶ್ನೆ?

ಯಾದಗಿರಿ ಪ್ಲಾಟ್: ಮೇಡಂ, ನನ್ನದು ಎನ್‌ಎ (ಕೃಷಿಯೇತರ ಭೂಮಿ) ಆಗಿದೆ, ನೋಂದಣಿ ಆಗಿದೆ. ಶಹಾಪುರದ ಹತ್ತಿರವೇ. ಕೆರೆ ಗಡಿಯೊಳಗೆ ಬಂದರೂ ನನಗೇನೂ ಆಗಲ್ಲ ಅಲ್ವಾ?

ವಕೀಲ ಮೇಡಂ: ಕೆರೆ ಸರ್ಕಾರದ್ದು. ನೋಂದಣಿ ಆದ ಮಾತ್ರಕ್ಕೆ ಅದು ನಿಮ್ಮದಾಗಲ್ಲ. ಮಾರಿದವರ ಮೇಲೆ ನಿಮ್ಮ ದಾವೆ ಬೇರೆ. ಗೋಡೆ ಏಳಿಸುವ ಮೊದಲು ಅಳತೆ ಮಾಡಿಸಿ. ಪ್ಲಾಟ್ ನಂಬರ್ ಎಷ್ಟು?

ಯಾದಗಿರಿ ಪ್ಲಾಟ್: 15.

ಶಹಾಪುರ ಟೀಚರ್: ಸಾರ್, ನಾಳೆ ಬೆಳಿಗ್ಗೆ ತಹಶೀಲ್ದಾರ್ ಕಚೇರಿಗೆ ಹೋಗ್ತಿದ್ದೀನಿ. ನೀವೂ ಬರ್ತೀರಾ?

ಬೀದರ್ ಓದುಗ: ಬಿಲ್ ಎಲ್ಲಿ ಸಿಗುತ್ತೆ ಅಂತ ಯಾರಾದ್ರೂ ಹೇಳ್ರಿ.