ಮಂಗಳೂರಿನ ಜಪ್ಪು, ಬೋಳಾರದಲ್ಲಿ ಊರು ನೋಡುವ ನಡಿಗೆ ಇಟ್ಟರೆ ಎಂತ ತೋರಿಸುವುದು?

ಮಾರ್ನಮಿಕಟ್ಟೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಕೆಲವರು ಸೇರಿ ಡಿಸೆಂಬರಿನಲ್ಲಿ ಒಂದು ಭಾನುವಾರ ನಮ್ಮದೇ ಊರನ್ನು ನಡೆದು ನೋಡುವ ಅಂತ ಉಂಟು. ಮಂಗಳಾದೇವಿ ದೇವಸ್ಥಾನದ ಎದುರಿನಿಂದ ಹೊರಟು ಬೋಳಾರ, ಮೋರ್ಗನ್ಸ್‌ಗೇಟ್, ಜಪ್ಪು ಸುತ್ತಿ ವಾಪಸ್. ತೊಂದರೆ ಎಂತ ಅಂದ್ರೆ, ಸಂತ ಅಲೋಶಿಯಸ್ ಚಾಪೆಲಿಗೆ ಹೋದರೆ ತಲೆ ಎತ್ತಿದಲ್ಲೆಲ್ಲ ಇಟಲಿಯ ಕಲಾವಿದ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಸುಲ್ತಾನ್ ಬತ್ತೇರಿಯಲ್ಲಿ ಕೋಟೆ ಬುರುಜು ಉಂಟು. ನಮ್ಮಲ್ಲಿ ನವರಾತ್ರಿಗೆ ಮಂಗಳಾದೇವಿ ತೇರು ಮಾರ್ನಮಿಕಟ್ಟೆಗೆ ಬರುವ ಸಂಭ್ರಮ ಬಿಟ್ಟರೆ ಉಳಿದ ದಿನ ಹಂಚಿನ ಮನೆ, ಕಾಂಪೌಂಡು, ಹಳೆ ಕಾರ್ಖಾನೆಗಳ ಜಾಗ, ಅಷ್ಟೇ. ಜನ ಅರ್ಧದಲ್ಲೇ ಎದ್ದು ಹೋಗ್ತಾರಾ ಅಂತ ಹೆದರಿಕೆ. ಅನುಭವ ಇರುವವರು ಹೇಳಿ.

ಧಕ್ಕೆ ಅಣ್ಣ:
ನಾವು ಬಂದರಿನ ಕಡೆ ಮಾಡ್ತೇವೆ. ಇಪ್ಪತ್ತು ಜನಕ್ಕಿಂತ ಜಾಸ್ತಿ ಬೇಡ, ಓಣಿಯಲ್ಲಿ ರಿಕ್ಷಾ ಬಂದರೆ ನಿಲ್ಲಲೂ ಜಾಗ ಇರುವುದಿಲ್ಲ. ಮೈಕ್ ಬೇಡವೇ ಬೇಡ. ಆರೂವರೆಗೆ ಹೊರಟರೆ ಒಳ್ಳೆಯದು, ಡಿಸೆಂಬರ್ ಆದರೂ ಒಂಬತ್ತಕ್ಕೆ ಬೆವರು ಶುರು. ಇಗರ್ಜಿಯಲ್ಲಿ ಪೂಜೆ ಬಿಡುವ ಹೊತ್ತು ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಕೊನೆಗೆ ಗೋಳಿಬಜೆ, ಚಾ ಇದ್ದರೆ ಯಾರೂ ಅರ್ಧದಲ್ಲಿ ಹೋಗುವುದಿಲ್ಲ, ಗ್ಯಾರಂಟಿ.

ಹೊಯ್ಗೆಬಜಾರ್ ಟೀಚರ್:
ಏನೂ ಇಲ್ಲ ಅಂತ ಹೇಳಬೇಡಮ್ಮ! ಇಡೀ ಕರಾವಳಿಗೆ ಮಾಡು ಹೊದೆಸಿದ್ದೇ ನಿಮ್ಮ ಊರು. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಮೋರ್ಗನ್ಸ್‌ಗೇಟ್ ಹತ್ತಿರ, ನೇತ್ರಾವತಿಯ ಪಕ್ಕದಲ್ಲೇ. ಆವೆಮಣ್ಣು ದೋಣಿಯಲ್ಲಿ ಬರಬೇಕಿತ್ತಲ್ವಾ, ಅದಕ್ಕೇ ಹೊಳೆಬದಿ. ಇಲ್ಲಿ ಸುಟ್ಟ ಹಂಚು ಹಡಗು ಹತ್ತಿ ಸಿಲೋನು, ಪೂರ್ವ ಆಫ್ರಿಕದವರೆಗೂ ಹೋಗಿದೆ. ಇದನ್ನು ಹೊಳೆ ಕಾಣುವ ಕಡೆ ನಿಂತು ಹೇಳು. ರಸ್ತೆ ಮಧ್ಯೆ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ.

ಮತ್ತೆ, ಯಾರದ್ದಾದರೂ ಹಿತ್ತಲಲ್ಲಿ ಹಳೆ ಹಂಚು ಪೇರಿಸಿಟ್ಟದ್ದು ಇದ್ದೇ ಇರ್ತದೆ. ಒಂದೆರಡು ತಂದು ತೊಳೆ. ಪಾಚಿ ಹೋಗಲಿಕ್ಕೆ ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಮಗುಚಿ ಹಿಡಿದು, ಬಿಸಿಲು ಬದಿಯಿಂದ ಬೀಳುವ ಹಾಗೆ ಸ್ವಲ್ಪ ಓರೆ ಮಾಡಿದರೆ ಅಕ್ಷರ ಎದ್ದು ಕಾಣ್ತದೆ. ಕಂಪನಿಯ ಹೆಸರು, ಊರಿನ ಹೆಸರು, ಕೆಲವದರಲ್ಲಿ ಒಂದು ಚಿತ್ರ. ಒಂದನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್‌ನ ಕಾರ್ಖಾನೆಗಳನ್ನು ಕೈಗೆ ತೆಗೆದುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಹಾಗಾಗಿ ಬೆನ್ನಿನ ಹೆಸರು ನೋಡಿದರೆ ಹಂಚು ಯುದ್ಧಕ್ಕೆ ಮೊದಲಿನದ್ದಾ, ನಂತರದ್ದಾ ಅಂತ ಒಂದು ಅಂದಾಜು ಸಿಗ್ತದೆ. ಆದರೆ ಹಂಚಿನಲ್ಲಿ 1865 ಅಂತ ಇದ್ದ ಕೂಡಲೇ ‘ಈ ಮನೆಗೆ ನೂರೈವತ್ತು ವರ್ಷ ದಾಟಿದೆ’ ಅಂತ ಘೋಷಣೆ ಮಾಡುವವರು ಇದ್ದಾರೆ, ಅವರನ್ನು ಸ್ವಲ್ಪ ತಡೆ. ಅದು ಕಾರ್ಖಾನೆ ಶುರುವಾದ ವರ್ಷ. ಒಂದು ಮನೆಯಿಂದ ಇಳಿಸಿದ ಹಂಚು ಇನ್ನೊಂದು ಮನೆಗೆ ಏರುವುದೂ ನಮ್ಮಲ್ಲಿ ಮಾಮೂಲು.

ಕಾರ್ಖಾನೆಯಲ್ಲಿ ದುಡಿದ ಅಜ್ಜಿಯಂದಿರು ಸಿಕ್ಕಿದರೆ ಅವರ ಜಗಲಿಯಲ್ಲೇ ಕೂತು ಕೇಳಿ. ನೀನು ಮಾತಾಡಬೇಡ. ತುಳುವಿನಲ್ಲೋ ಕೊಂಕಣಿಯಲ್ಲೋ ಅವರಿಗೆ ಸಲೀಸಾದ ಭಾಷೆಯಲ್ಲೇ ಹೇಳಲಿ. ‘ಆಗಿನ ಕಾಲ ಹೇಗಿತ್ತು?’ ಅಂತ ಕೇಳಿದರೆ ‘ಎಂತ ಹೇಳುವುದು, ಕಷ್ಟ’ ಅಂತ ಒಂದೇ ಮಾತಿನಲ್ಲಿ ಮುಗಿಸ್ತಾರೆ. ಬಟವಾಡೆ ಯಾವ ವಾರ? ಬುತ್ತಿ ಎಲ್ಲಿ ಕೂತು ಉಣ್ತಿದ್ರಿ? ಮಗುವನ್ನು ಯಾರ ಹತ್ತಿರ ಬಿಟ್ಟು ಬರ್ತಿದ್ರಿ? ಹೀಗೆ ಕೇಳಿದರೆ ಬಾಯಿ ಬಿಡ್ತಾರೆ. ಮತಾಂತರವಾಗಿ ಮನೆಯಿಂದ, ಕಸುಬಿನಿಂದ ಹೊರಗೆ ಬಿದ್ದವರಿಗೆ ಕೆಲಸ ಕೊಡಲಿಕ್ಕೆ ಮಿಷನ್ ಈ ಉದ್ಯೋಗಗಳನ್ನು ಶುರು ಮಾಡಿದ್ದು. ಅದನ್ನು ಹೇಳದೆ ಬಿಡಬೇಡ, ಅದರ ಮೇಲೆ ಭಾಷಣವೂ ಬೇಡ.

ಬಾಸೆಲ್ ಮಿಷನ್‌ನ ಹಳೆ ಫೋಟೊಗಳು ಅವರ ದಾಖಲೆ ಸಂಗ್ರಹದ ವೆಬ್‌ಸೈಟಿನಲ್ಲಿ ನೋಡಲಿಕ್ಕೆ ಸಿಗ್ತವೆ. ಮಂಗಳೂರಿನದ್ದು ಕೆಲವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೋ. ಮೊಬೈಲ್ ಪರದೆ ತೋರಿಸಿದರೆ ಪ್ರಾಯದವರಿಗೆ ಕಣ್ಣು ಹಿಡಿಯುವುದಿಲ್ಲ.

ಪಾಲಿಗೆ ಬಂದದ್ದು:
ಟೀಚರ್, ನೀವು ಹೇಳಿದ್ದೆಲ್ಲ ಚಂದ ಉಂಟು. ಆದರೆ ಮನೆ ಉಳಿಯುವುದು ನಡಿಗೆಯಿಂದಲ್ಲ. ನಮ್ಮ ಅಜ್ಜನ ಮನೆ ಪಾಲಾಯಿತು, ಈಗ ಅಲ್ಲಿ ಫ್ಲಾಟ್. ದೊಡ್ಡಮ್ಮನ ಮನೆ ಒಂದು ಉಳಿದಿದೆ. ಮೇ ತಿಂಗಳು ಬಂತು ಅಂದ್ರೆ ಹಂಚು ಕೈಯಾಡಿಸಲಿಕ್ಕೆ, ಅಂದ್ರೆ ಮಳೆಗೆ ಮೊದಲು ಜಾರಿದ್ದು, ಒಡೆದದ್ದು ಸರಿ ಮಾಡಲಿಕ್ಕೆ, ಜನ ಹುಡುಕಿ ಹುಡುಕಿ ಸಾಕಾಗ್ತದೆ. ಮಂಗ ಹಾರಿ ಒಡೆದದ್ದು ಬೇರೆ. ಅದರ ಮೇಲೆ ಒಂದು ತಂಡ ಬಂದು ಹೇಳದೆ ಕೇಳದೆ ಒಳಗೆ ರೀಲ್ಸ್ ಮಾಡಿ ‘ದೆವ್ವದ ಬಂಗ್ಲೆ’ ಅಂತ ಹಾಕಿತು. ದೊಡ್ಡಮ್ಮ ಅಡುಗೆಮನೆಯಲ್ಲಿ ಗಂಜಿ ಬೇಯಿಸ್ತಾ ಇದ್ದರು ಮಾರಾಯ್ರೇ!

ಹೊಯ್ಗೆಬಜಾರ್ ಟೀಚರ್:
ಆ ರೀಲ್ಸಿನವರಿಗೆ ನಾಲ್ಕು ಬಿಡಬೇಕು. ಮನೆಯವರು ಬನ್ನಿ ಅಂದರೆ ಮಾತ್ರ ಗೇಟು ದಾಟುವುದು, ಒಳಗಿನ ಫೋಟೊ ಅವರಿಗೆ ತೋರಿಸದೆ ಎಲ್ಲಿಯೂ ಹಾಕುವಂತಿಲ್ಲ. ಇದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಬೇಕು.

ಕೈಯಾಡಿಸುವ ಮಾತು ತೆಗೆದದ್ದು ಒಳ್ಳೆಯದಾಯಿತು. ನನ್ನನ್ನು ಕೇಳಿದರೆ ನಡಿಗೆ ಬೇಕಾದದ್ದೇ ಅದಕ್ಕೆ. ಹಂಚು ಏರಿ ಗೊತ್ತಿರುವವರೊಬ್ಬರನ್ನು, ಒಬ್ಬ ಮರದ ಆಚಾರಿಯನ್ನು ದಿನದ ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಎಲ್ಲಿ ಹಂಚು ಜಾರಿದೆ, ಹಂಚು ಕೂರುವ ಯಾವ ರೀಪಿಗೆ ಗೆದ್ದಲು ಹಿಡಿದಿದೆ, ರೀಪು ಹೊರುವ ಯಾವ ಪಕ್ಕಾಸು ಬಾಗಿದೆ ಅಂತ ಅವರು ಕೆಳಗಿನಿಂದಲೇ ನೋಡಿ ಹೇಳ್ತಾರೆ. ಕೇಳುವವರಿಗೂ ಖುಷಿ, ಮನೆಯವರಿಗೂ ಉಪಕಾರ. ಇನ್ನೊಂದು ವಿಷಯ. ಒಂದು ಕಂಪನಿಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚಿನ ಗಾಡಿಯ (ತೋಡಿನ) ಅಳತೆಯೇ ಬೇರೆ. ಸಂದಿನಲ್ಲಿ ನೀರು ಇಳಿಯುವುದು ಅಲ್ಲೇ. ಹತ್ತು ಹಂಚು ಸಿಗದೆ ಇಡೀ ಮಾಡು ತೆಗೆದು ಶೀಟ್ ಹಾಕಿದವರನ್ನು ನೋಡಿದ್ದೇನೆ. ಹಾಗಾಗಿ ಯಾವ ಮನೆಯಲ್ಲಿ ಯಾವ ಕಂಪನಿಯ ಹಂಚು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಒಂದು ಮನೆ ಕೆಡವುವಾಗ ಅದರ ಹಂಚು ಯಾರಿಗೆ ಬೇಕು ಅಂತ ಕೂಡಲೇ ಗೊತ್ತಾಗ್ತದೆ.

ಮಾರ್ನಮಿಕಟ್ಟೆಯವಳು:
ಟೀಚರ್, ನೋಟ್‌ಬುಕ್ ನನ್ನ ಜವಾಬ್ದಾರಿ. ನಮ್ಮ ಓಣಿಯ ಹಿತ್ತಲುಗಳಿಂದಲೇ ಶುರು ಮಾಡ್ತೇನೆ. ನೀವೂ ಬರಬೇಕು.

ಪಾಲಿಗೆ ಬಂದದ್ದು:
ಆ ಹಂಚು ಏರುವವರು ಸಿಕ್ಕಿದರೆ ನನಗೂ ತಿಳಿಸಿ, ಅವರ ಸಂಬಳದಲ್ಲಿ ಅರ್ಧ ನಾನು ಕೊಡ್ತೇನೆ. ದೊಡ್ಡಮ್ಮನ ಹತ್ತಿರ ಮಾತಾಡಿ ನೋಡ್ತೇನೆ. ಮೊಬೈಲ್ ಜಗಲಿಯಲ್ಲಿ ಇಟ್ಟು ಬರುವುದಾದರೆ ಒಪ್ಪಿಯಾರು.